ಮರಿಲಿಂಗಪ್ಪನವರ ಹತ್ತಕ್ಕೆ ಹನ್ನೊಂದು

ಊಟ ಬಲ್ಲವನಿಗೆ ನೆಂಟರಿಲ್ಲ, ಮಾತು ಬಲ್ಲವನಿಗೆ ಉಪವಾಸವಿಲ್ಲ. ಗಾದೆ ಹೀಗಿಲ್ಲವೆಂದು ನನಗೂ ಗೊತ್ತು, ಕನ್ನಡ ಎಂ.ಎ. ಮಾಡಿದ್ದೇನೆ, ಅದೂ ಒಂದೇ ಏಟಿಗೆ. ಆದರೆ ಗಾದೆ ಕಟ್ಟಿದ ಹಿರಿಯರು ನಮ್ಮ ಮರಿಲಿಂಗಪ್ಪನವರನ್ನು ನೋಡಿರಲಿಲ್ಲ. ನೋಡಿದ್ದರೆ ಹೀಗೇ ಕಟ್ಟುತ್ತಿದ್ದರು. ಮುಂದೆ ಹೇಳುವುದೆಲ್ಲ ಖರೇ ಸಂಗತಿ. ನಂಬಿಕೆ ಬಾರದಿದ್ದರೆ ಶಹಾಪುರ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯುವ ಮುಜಫರನನ್ನು ಕೇಳಿ. ಅವನು ಇದನ್ನೇ, ಇನ್ನೆರಡು ಸುಳ್ಳು ಸೇರಿಸಿ ಹೇಳುತ್ತಾನೆ.

ಮರಿಲಿಂಗಪ್ಪನವರು ಶಹಾಪುರದ ಒಂದು ಸರಕಾರಿ ಕಚೇರಿಯಲ್ಲಿ ಟಪಾಲು ಗುಮಾಸ್ತರು. ಒಳಗೆ ಬಂದ ಕಾಗದಕ್ಕೆ ನಂಬರು ಹಾಕುವುದು, ಹೊರಗೆ ಹೋಗುವ ಕಾಗದಕ್ಕೆ ನಂಬರು ಹಾಕುವುದು, ಇದು ಅವರ ಇಪ್ಪತ್ತೆರಡು ವರ್ಷದ ಸೇವೆ. ಒಳಗೆ ಬಂದದ್ದು ಹೊರಗೆ ಹೋಗದೆ ಬಾಕಿ ಉಳಿದ ಜಾಗ ಒಂದೇ, ಅವರ ಹೊಟ್ಟೆ. ತೂಕ ತೊಂಬತ್ತಾರು ಕಿಲೊ.

ನಾನು ಅವರ ಮಾಳಿಗೆ ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ಅರುಣಕುಮಾರ, ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ. ಅತಿಥಿ ಎಂದ ಮಾತ್ರಕ್ಕೆ ಯಾರೂ ಮಣೆ ಹಾಕಿ ಊಟಕ್ಕೆ ಕೂರಿಸುವುದಿಲ್ಲ. ತೂಕ ಐವತ್ತನಾಲ್ಕು. ನನಗೆ ಬರುವ ವಿದ್ಯೆಗಳು ಎರಡು: ಎಷ್ಟು ತಿಂದರೂ ಮೈಗೆ ಹತ್ತದಂತೆ ನೋಡಿಕೊಳ್ಳುವುದು ಮತ್ತು ಯಾರ ದನಿಯನ್ನಾದರೂ ಕದ್ದು ಮಾತಾಡುವುದು. ಎರಡರ ಬಗ್ಗೆಯೂ ನನಗೆ ಸೊಕ್ಕಿತ್ತು. ‘ಇತ್ತು’ ಎಂಬ ಭೂತಕಾಲವನ್ನು ದಯವಿಟ್ಟು ಗಮನಿಸಬೇಕು.

ದೀಪಾವಳಿ ಮುಗಿದ ವಾರ ಯಾದಗಿರಿಯ ಡಾಕ್ಟರೊಬ್ಬರು ಮರಿಲಿಂಗಪ್ಪನವರ ರಕ್ತದ ರಿಪೋರ್ಟು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಕನ್ನಡಕ ತೆಗೆದರೆ ರೋಗಿಯ ಕಣ್ಣಿಗೆ ಕತ್ತಲೆ.

“ಮೂರು ತಿಂಗಳು ಟೈಮ್ ಕೊಡತೀನಿ. ಐದು ಕಿಲೊ ಇಳೀಬೇಕು, ಸಕ್ಕರಿ ಇಳೀಬೇಕು. ಇಲ್ಲಾಂದ್ರ ಗುಳಿಗಿ ಸಾಕಾಗಂಗಿಲ್ಲ. ದಿನಾ ಸೂಜಿ.”

ಮರಿಲಿಂಗಪ್ಪನವರು ಕುರ್ಚಿಯ ಕೈ ಹಿಡಿದುಕೊಂಡರು. ಹೆಂಡತಿ ಅಂಗಿಗೆ ಗುಂಡಿ ಹಚ್ಚಲು ಸೂಜಿ ತೆಗೆದರೆ ಎದ್ದು ಪಕ್ಕದ ಕೋಣೆಗೆ ಹೋಗುವ ಮನುಷ್ಯ ಅವರು. ಲಸಿಕೆ ಹಾಕಿಸುವಾಗ ಅವರನ್ನು ಮೂರು ಜನ ಹಿಡಿದಿದ್ದರು. ನಾಲ್ಕನೆಯವನು ನಾನು, ಬಾಯಿ ಮುಚ್ಚುವ ಕೆಲಸ ನನ್ನದಾಗಿತ್ತು.

ಪಕ್ಕದ ಕೋಣೆಯಲ್ಲಿ ಆಹಾರ ಹೇಗಿರಬೇಕೆಂದು ಹೇಳಿಕೊಡುವ ಯಶೋಧರಾ ಮೇಡಂ ಇದ್ದರು. ಅವರು ಕಾಗದದ ಮೇಲೆ ಒಂದು ತಾಟು ಬರೆದು ಗೆರೆ ಎಳೆದರು. ಅರ್ಧ ತಾಟು ಸೊಪ್ಪು, ಕಾಯಿಪಲ್ಯ. ಕಾಲು ತಾಟು ಬೇಳೆ, ಮೊಳಕೆ ಕಾಳು, ತತ್ತಿ. ಉಳಿದ ಕಾಲು ಭಾಗದಲ್ಲಿ ಒಂದು ಜೋಳದ ರೊಟ್ಟಿ.

“ಒಂದು ರೊಟ್ಟಿ ಅಂದ್ರ ಊಟಕ್ಕೇನ್ರಿ, ತುತ್ತಿಗೇನ್ರಿ?” ಎಂದರು ಮರಿಲಿಂಗಪ್ಪ.

“ಊಟಕ್ಕ.”

“ಮತ್ತ ಹೋಳಿಗಿ ಈ ಚಿತ್ರದಾಗ ಎಲ್ಲಿ ಬರತದ್ರಿ?”

“ತಾಟಿನ ಹೊರಗ.”

ಅವರು ತಾಟಿನ ಹೊರಗಿನ ಖಾಲಿ ಕಾಗದವನ್ನು ಬಹಳ ಹೊತ್ತು ನೋಡಿದರು. ಊರು ಬಿಟ್ಟು ಹೋಗುವವನು ಮನೆಯ ಕಡೆ ತಿರುಗಿ ನೋಡುವ ಹಾಗೆ.

“ಈಗ ಒಂದು ಹೇಳ್ರಿ,” ಎಂದರು ಮೇಡಂ. “ತಿನ್ನೂದನ್ನ ನನ್ನ ಹಿಡಿತದಾಗ ಇಟ್ಟುಕೋತೀನಿ ಅನ್ನೂ ಭರೋಸಾ ನಿಮಗ ಎಷ್ಟದ? ಹತ್ತಕ್ಕ ಎಷ್ಟು ಮಾರ್ಕ್ಸ್ ಹಾಕ್ಕೋತೀರಿ?”

ಸೂಜಿಯ ಭಯವೋ, ಹೆಂಗಸರ ಮುಂದೆ ಎದೆ ಉಬ್ಬಿಸುವ ಗಂಡಸಿನ ಚಟವೋ, ಮರಿಲಿಂಗಪ್ಪನವರು “ಹತ್ತಕ್ಕ ಹನ್ನೊಂದು ಹಾಕ್ರಿ” ಎಂದುಬಿಟ್ಟರು. ಮೇಡಂ ಹನ್ನೊಂದು ಬರೆದು ಸುತ್ತ ಒಂದು ಗುಂಡು ಹಾಕಿದರು. “ಮತ್ತ ತಿಂದದ್ದೆಲ್ಲ ಒಂದು ವಹಿಯಾಗ ಬರೀತಾ ಹೋಗ್ರಿ” ಎಂದದ್ದೇ ತಡ, ಅಷ್ಟು ಹೊತ್ತು ಬಾಡಿದ್ದ ಗುಮಾಸ್ತರ ಮುಖ ಅರಳಿತು. ವಹಿ ಬರೆ ಎಂದರೆ ಅವರಿಗೆ ಹಬ್ಬ.

ಮರುದಿನವೇ ಉದ್ದನೆಯ ಪುಸ್ತಕ ಬಂತು. ರಟ್ಟಿನ ಮೇಲೆ ‘ಒಳಬರುವ ಪದಾರ್ಥಗಳ ವಹಿ’. ಕ್ರಮ ಸಂಖ್ಯೆ, ವೇಳೆ, ಯಾರಿಂದ ಬಂತು, ವಿಷಯ, ಷರಾ. ನಾನು ಕದ್ದು ಓದಿದ ಒಂದು ಸಾಲು ಹೀಗಿತ್ತು: ‘ಕ್ರ.ಸಂ. 14. ಬೆಳಿಗ್ಗೆ 11-20. ಮುಜಫರನಿಂದ. ವಿಷಯ: ಮಿರ್ಚಿ ಭಜಿ, ಅರ್ಧ. ಷರಾ: ಉಳಿದರ್ಧವನ್ನು ಅರುಣಕುಮಾರ ತಿಂದದ್ದನ್ನು ಖುದ್ದು ನೋಡಿದ್ದೇನೆ.’ ಊಟ ಮಾತ್ರವಲ್ಲ, ಮನೆಗೆ ಬಂದ ಫೋನು, ಫೋನಿನ ನಂಬರು, ಅದೂ ಹಿಂದಿನ ಪುಟಗಳಲ್ಲಿ ದಾಖಲಾಗುತ್ತಿತ್ತು. ಕಚೇರಿಯ ಚಟ ಮನೆಗೂ ಬಂದಿತ್ತು. ಆ ಹಿಂದಿನ ಪುಟಗಳನ್ನು ನಾನು ಸರಿಯಾಗಿ ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು.

ಅವರ ಹೆಂಡತಿಯ ಹೆಸರು ಪರಿಮಳಾ. ತೂಕ ಇಳಿಸುವವನ ಅಡುಗೆಮನೆಯಲ್ಲಿ ಇಂಥ ಹೆಸರಿನವರು ಇರಬಾರದು. “ನೋಡಪ ಅರುಣಾ, ಹೊತ್ತಿಗೆ ಐದು ರೊಟ್ಟಿ ಬಡೀತಿದ್ದ ಕೈ ಈಗ ಒಂದು ಬಡದು ಸುಮ್ಮನ ಕುಂದರತದ,” ಎಂದು ಅಕ್ಕ ಗೋಳಾಡಿದರು. “ಓಣ್ಯಾಗಿನ ಮಂದಿ ಬಂದು ಕೇಳಾಕತ್ತಾರ, ಯಾಕ ಪರಿಮಳಕ್ಕ, ನಿಮ್ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳಾನ ಇಲ್ಲ, ಗಂಡಾ ಹೆಂಡ್ತಿ ಮಾತು ಬಿಟ್ಟೀರೇನು ಅಂತ.”

ಆದರೂ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಎರಡು ಕಿಲೊ ಇಳಿಯಿತು. ಅದರ ಬದಲು ಮಾತಿನ ತೂಕ ಏರಿತು. ಮುಜಫರನ ಬಂಡಿಯ ಮುಂದೆ ನಿಂತು ಚಹಾಕ್ಕೆ ಸಕ್ಕರೆ ಬೇಡವೆಂದು ಹೇಳುವುದಕ್ಕೇ ಹತ್ತು ನಿಮಿಷ ಭಾಷಣ.

“ಮನಸ್ಸು ಗಟ್ಟಿ ಇದ್ರ ಹೋಳಿಗಿ ಏನು ಮಾಡತದೋ ಮುಜಫರ? ಅದಕ್ಕೇನು ಕಾಲು ಅದಾವ, ನಡಕೊಂತ ಬಂದು ಬಾಯಾಗ ಬೀಳಾಕ?”

“ಸಾಬ್ರ,” ಎಂದ ಮುಜಫರ, ಎಣ್ಣೆಯಿಂದ ಕಣ್ಣೆತ್ತದೆ, “ಹತ್ತಕ್ಕ ಹನ್ನೊಂದು ಅನ್ನೋರೆಲ್ಲ ಹನ್ನೊಂದು ಗಂಟೇಕ್ಕ ನನ್ನ ಬಂಡಿ ಮುಂದಾನ ಇರತಾರ ನೋಡ್ರಿ.”

“ಬೇಕಾದ್ರ ಪಂಥ ಕಟ್ಟು. ಎಳ್ಳಮವಾಸಿಗಿ ಕೊಂಕಲ್‌ದಾಗ ನಮ್ಮ ಚಿಗವ್ವನ ಹೊಲಕ್ಕ ಹೊಂಟೀನಿ. ಹೋಳಿಗಿ ಬುಟ್ಟಿ ಮುಂದ ಇಟಗೊಂಡು ಕುಂದರತೀನಿ. ಮುಟ್ಟಿದ್ರ ಕೇಳು.” ಆಮೇಲೆ ನನ್ನ ಕಡೆ ತಿರುಗಿ, “ನಿನಗೇನು ಗೊತ್ತಾಗತದ ಬಿಡಪ. ನಿನಗ ತಿಂದದ್ದು ಮೈಗೆ ಹತ್ತಂಗಿಲ್ಲ. ಸಂಯಮ ಅಂಬೋದು ದೊಡ್ಡ ಮೈಯವರ ಮಾತು” ಎಂದರು.

ಇದು ನನ್ನನ್ನು ಚುಚ್ಚಿತು. ಸೂಜಿಗೆ ಹೆದರುವವರು ಇನ್ನೊಬ್ಬರನ್ನು ಚುಚ್ಚಬಾರದು.

ಎಳ್ಳಮವಾಸ್ಯೆಯ ಹಿಂದಿನ ಸಂಜೆ ಕಾಲೇಜಿನ ಆಫೀಸಿನಲ್ಲಿ ಯಾರೂ ಇರಲಿಲ್ಲ. ಫೋನು ಮಾತ್ರ ಇತ್ತು. ಮೂಗಿಗೆ ಕರವಸ್ತ್ರ ಹಿಡಿದು, ಬೆಂಗಳೂರು ಕಡೆಯ ದನಿ ತೆಗೆದೆ. ನಮ್ಮ ಭಾಗದಲ್ಲಿ ‘ಕಣ್ರೀ’ ಎಂದವರೆಲ್ಲ ಸಾಹೇಬರೇ. ಗುರುತಿನ ಚೀಟಿ ಯಾರೂ ಕೇಳುವುದಿಲ್ಲ.

“ಮರಿಲಿಂಗಪ್ಪ ಅವ್ರಾ? ನೋಡಿ, ನಾನು ಆಹಾರ ತಪಾಸಣಾ ವಿಭಾಗದಿಂದ ಮಾತಾಡ್ತಿರೋದು ಕಣ್ರೀ. ಯಶೋಧರಾ ಮೇಡಂ ಹತ್ರ ಹನ್ನೊಂದು ಮಾರ್ಕ್ಸ್ ಹಾಕಿಸ್ಕೊಂಡಿದ್ದೀರಂತೆ?”

ಆ ಕಡೆ ಕುರ್ಚಿ ಸರಿದ ಸಪ್ಪಳ. ಎದ್ದು ನಿಂತಿದ್ದರು. “ಹೌದ್ರಿ ಸಾಹೇಬ್ರ.”

“ಹತ್ತಕ್ಕಿಂತ ಹೆಚ್ಚು ಹಾಕಿಸ್ಕೊಂಡೋರ ಮೇಲೆ ನಮ್ಮದು ವಿಶೇಷ ತಪಾಸಣೆ. ನಾಳೆ ನಮ್ಮ ಇನ್‌ಸ್ಪೆಕ್ಟರು ನಿಮ್ಮ ಹೊಲಕ್ಕೆ ಬರ್ತಾರೆ. ಗುರುತು ಹೇಳ್ಕೊಳ್ಳಲ್ಲ. ನಾಷ್ಟಾದಿಂದ ಹಿಡಿದು ಏನೇನು ತಿಂತೀರಿ ಎಲ್ಲಾ ಬರ್ಕೋತಾರೆ. ರಿಪೋರ್ಟು ಸರಿ ಬರಲಿಲ್ಲ ಅಂದ್ರೆ ಮೂರು ತಿಂಗಳ ಟೈಮ್ ರದ್ದು. ಸೋಮವಾರದಿಂದಲೇ ಸೂಜಿ. ಯಾರಿಗೂ ಹೇಳೋ ಹಾಗಿಲ್ಲ, ಗೊತ್ತಾಯ್ತಾ?”

ಬೇರೆ ಯಾರಾದರೂ ನಕ್ಕು ಫೋನಿಡುತ್ತಿದ್ದರು. ಆದರೆ ಇಪ್ಪತ್ತೆರಡು ವರ್ಷ ತಪಾಸಣೆಗಳ ನಡುವೆ ಬಾಳಿದ ಗುಮಾಸ್ತನಿಗೆ, ಲೋಕದಲ್ಲಿ ಇನ್‌ಸ್ಪೆಕ್ಟರ್ ಇಲ್ಲದ ವಿಷಯವೊಂದು ಇದೆಯೆಂದರೆ ಅದೇ ನಂಬಲಾಗದ ಸಂಗತಿ. “ತಪಾಸಣಿ ಮುಗದ ಮ್ಯಾಲ ಸಾಹೇಬ್ರಿಗಿ ಊಟದ ವ್ಯವಸ್ಥಾ ಮಾಡಬೇಕೇನ್ರಿ?” ಎಂದು ಕೇಳಿದರು. ನಾನು ಕರವಸ್ತ್ರ ಕಚ್ಚಿ ಫೋನಿಟ್ಟೆ.

ಮರುದಿನ ಕೊಂಕಲ್. ಕಾಳು ಕಟ್ಟಿದ ಬಿಳಿಜೋಳ ತಲೆಯ ಮೇಲೆ ನಿಂತಿತ್ತು. ದಂಟು ಬಾಗಿಸಿ ಕಟ್ಟಿದ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳಿಗೆ ಪೂಜೆ ಮುಗಿದಿತ್ತು. ಮನೆಯ ಯಜಮಾನ ಕಡಬು, ಸೊಪ್ಪು-ಕಾಳಿನ ಭಜ್ಜಿ ಪಲ್ಯ, ಅಂಬಲಿ ಕಲಸಿ, ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲಿ ಬಂದಿದ್ದ. ಭೂಮಿತಾಯಿಯ ಊಟವಾಯಿತು, ಇನ್ನು ಮನುಷ್ಯರದು.

ಬಡಿಸುವವರು ಮುದುಕಮ್ಮ, ಮರಿಲಿಂಗಪ್ಪನವರ ಚಿಗವ್ವ, ಅಂದರೆ ಚಿಕ್ಕಮ್ಮ. ಎಪ್ಪತ್ತು ದಾಟಿದ್ದರೂ ಬುಟ್ಟಿ ಸೊಂಟಕ್ಕಿಟ್ಟು ಬಂದರೆ ಉಣ್ಣುವವರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಹಿಡಿದರೆ ಹೋಳಿಗೆ ಕೈಯ ಮೇಲೇ ಬೀಳುತ್ತದೆ.

“ಚಿಗವ್ವ, ಸಾಕವ್ವ. ಒಂದು ರೊಟ್ಟಿ, ಒಂದೀಟು ಭಜ್ಜಿ. ಅಷ್ಟ.”

“ಅಷ್ಟ ಅಂದ್ರ? ಇದು ನಂದೊಂದು. ಇದು ನಿಮ್ಮ ಕಾಕಾಂದೊಂದು. ಇದು ಸತ್ತ ನಿಮ್ಮವ್ವನ ಹೆಸರಿಲೆ ಒಂದು. ಅವ್ವನ ಹೆಸರಿಂದು ಬ್ಯಾಡ ಅಂತಿಯೇನೋ ನನ ಕಂದಾ?”

ಅವ್ವನ ಹೆಸರಿನದನ್ನು ಯಾರು ಬೇಡವೆನ್ನುತ್ತಾರೆ? ಮೂರು ಶೇಂಗಾ ಹೋಳಿಗೆ ತಾಟಿನಲ್ಲಿ ಕುಳಿತವು. ಮರಿಲಿಂಗಪ್ಪನವರು ಸುತ್ತ ನೋಡಿದರು. ಹಣೆಯ ಮೇಲೆ ಬೆವರು. ಡಿಸೆಂಬರಿನಲ್ಲಿ! ಬೀಗರೊಬ್ಬರು ಮೀಸೆ ಒರೆಸಿಕೊಂಡರೆ ಬೆಚ್ಚಿದರು. ಅಂಬಲಿ ಕುಡಿಯುತ್ತಿದ್ದ ಮುದುಕನೊಬ್ಬ ಕಿಸೆಗೆ ಕೈ ಹಾಕಿದರೆ ತಾಟು ಕೆಳಗಿಟ್ಟರು; ಮುದುಕ ತೆಗೆದದ್ದು ತಂಬಾಕಿನ ಚೀಲ. “ಅಣ್ಣಾರ, ಯಾಕ, ಉಣ್ಣಾಕತ್ತಿಲ್ಲಲ್ಲ?” ಎಂದು ನಾನು ಮುಗ್ಧನಾಗಿ ಕೇಳಿದೆ. “ಸುಮ್ಮಕಿರು. ಇಲ್ಲಿ ಒಬ್ಬರು ಬಂದಾರ” ಎಂದು ಹಲ್ಲು ಕಚ್ಚಿ ಹೇಳಿದರು.

ತಿನ್ನುವಂತಿಲ್ಲ, ಬಿಡುವಂತಿಲ್ಲ. ಆಗ ಅವರಿಗೆ ಹೊಳೆದದ್ದು ಅಪ್ಪಟ ನಮ್ಮ ನಾಡಿನ ಉಪಾಯ. ತಾಟು ಹಿಡಿದು ಎದ್ದು, “ನಂದೂ ಒಂದು ಚರಗ ಚೆಲ್ಲಿ ಬರತೀನಿ” ಎಂದು ಜೋಳದೊಳಗೆ ಹೋದರು. ಬಂದಾಗ ತಾಟು ಖಾಲಿ. ಮುದುಕಮ್ಮನಿಗೆ ಖುಷಿಯೋ ಖುಷಿ. ಮತ್ತೆ ಬಡಿಸಿದರು. ಮತ್ತೆ ಹೋದರು. ಖಾಲಿ ತಾಟು ಕಂಡರೆ ಮುದುಕಮ್ಮ ತಡೆಯುವವರಲ್ಲ; ತುಂಬಿದ ತಾಟು ಕಂಡರೆ ಮರಿಲಿಂಗಪ್ಪ ನಿಲ್ಲುವವರಲ್ಲ. ಹೀಗೆ ಆರು ಸಲ. ದಾರಿಯಲ್ಲಿ ಒಂದೊಂದು ಚೂರು ಬಾಯಿಗೆ ಹೋಗಿದ್ದು ಸುಳ್ಳಲ್ಲ.

ಅಷ್ಟರಲ್ಲಿ ಬದುವಿನ ಮೇಲೆ ಒಬ್ಬ ನಡುವಯಸ್ಸಿನ ಮನುಷ್ಯ ಬಂದ. ಹೆಸರು ಶಾಂತಕುಮಾರ, ಸುರಪುರದ ಕಡೆಯವನು. ಯಾವ ಹೊಲದಲ್ಲಿ ಯಾವ ಬೆಳೆ ಎಂದು ಫೋನಿನಲ್ಲಿ ಫೋಟೊ ಹಿಡಿದು ವಹಿಯಲ್ಲಿ ಬರೆದುಕೊಳ್ಳುವ ನೌಕರಿ. ಹಬ್ಬದ ದಿನವಾದರೆ ರೈತರೆಲ್ಲ ಹೊಲದಲ್ಲೇ ಸಿಗುತ್ತಾರೆಂದು ಬಂದಿದ್ದ. ಇದನ್ನು ಅವನು ಮುದುಕಮ್ಮನಿಗೆ ಹೇಳುವಾಗ ಮರಿಲಿಂಗಪ್ಪನವರು ಜೋಳದೊಳಗಿದ್ದರು. ಹೊರಗೆ ಬಂದವರಿಗೆ ಕಂಡದ್ದು ಇಷ್ಟೇ: ಅಪರಿಚಿತ ಮನುಷ್ಯ, ಬಗಲಲ್ಲಿ ವಹಿ, ತಮ್ಮ ಕಡೆ ತಿರುಗಿದ ಫೋನು. ಕ್ಲಿಕ್!

ಅವರ ಮುಖ ಅಂಬಲಿಯ ಬಣ್ಣಕ್ಕೆ ತಿರುಗಿತು. ಮುದುಕಮ್ಮ ಅವರಿಗೆ ಏಳನೆಯ ತಾಟನ್ನೂ ಶಾಂತಕುಮಾರನಿಗೆ ಮೊದಲನೆಯ ತಾಟನ್ನೂ ಕೊಟ್ಟು ಅಂಬಲಿ ತರಲು ತಿರುಗಿದ್ದೇ, ಮರಿಲಿಂಗಪ್ಪ ಜೋಳದೊಳಗೆ ನುಗ್ಗಿದರು. ನಾನು ಹಿಂದೆಯೇ ಬಗ್ಗಿ ಹೋದೆ. ಇಂಥ ತಮಾಷೆ ಬಿಟ್ಟರೆ ಎಂ.ಎ. ಮಾಡಿ ಏನು ಫಲ?

ಅವರು ಹೋಳಿಗೆ ಮುರಿದು ಚೆಲ್ಲುತ್ತಿದ್ದಾಗ ದಂಟು ಸರಸರ ಎಂದಿತು. ಎದುರಿಗೆ ಶಾಂತಕುಮಾರ! ಅವನ ಕೈಯಲ್ಲೂ ತುಂಬಿದ ತಾಟು. ಇಬ್ಬರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಿಂತರು.

“ಸಾಹೇಬ್ರ, ತಪ್ಪಾತ್ರಿ” ಎಂದರು ಮರಿಲಿಂಗಪ್ಪ.

“ತಪ್ಪು ನಂದರಿ. ನೀವು ನೋಡಿಬಿಟ್ರಿ” ಎಂದ ಶಾಂತಕುಮಾರ.

“ಖರೇ ಹೇಳತೀನಿ. ಒಂದೂವರಿ ಹೋಳಿಗಿ ತಿಂದೀನಿ. ಚೂರು ಚೂರು ಆಗಿ ಹೋಗ್ಯಾವ. ಅದಕ್ಕೂ ಕಡಿಮಿ ಬರೀರಿ ಅಂತ ನಾ ಅನ್ನಂಗಿಲ್ಲ.”

“ಒಂದೂವರಿ?” ಶಾಂತಕುಮಾರನ ಕಣ್ಣಲ್ಲಿ ನೀರು ಬಂತು. “ಪುಣ್ಯವಂತರಿ ನೀವು. ನಾ ಆರು ಹೊಲ ತಿರುಗಿ ಬಂದೀನಿ. ಹನ್ನೊಂದು ಹೋಳಿಗಿ ಒಳಗ ಹೋಗ್ಯಾವ. ಇದು ಗಂಟಲ ಇಳಿವಲ್ದು. ಆ ಯವ್ವಗ ಹೇಳಬ್ಯಾಡ್ರಿ, ನಿಮ್ಮ ಕಾಲು ಬೀಳತೀನಿ.”

ಮರಿಲಿಂಗಪ್ಪನವರು ಒಂದು ಕ್ಷಣ ಯೋಚಿಸಿದರು. ಹನ್ನೊಂದು! ತಮ್ಮ ಮಾರ್ಕ್ಸು ಇವನ ಬಾಯಿಗೆ ಬಂದ ಮೇಲೆ ಇವನೇ ಇನ್‌ಸ್ಪೆಕ್ಟರು, ಅನುಮಾನವೇ ಇಲ್ಲ. ತಾನು ತಿಂದು ಇನ್ನೊಬ್ಬರದು ಬರೆಯುವುದು ತಪಾಸಣೆಗೆ ಬಂದವರ ಪದ್ಧತಿಯೇ. “ನಾ ಯಾರಿಗೂ ಹೇಳಂಗಿಲ್ಲ, ನೀವೂ ಬರೀಬ್ಯಾಡ್ರಿ” ಎಂದರು. “ಬರಿಯೂದೇನ್ರಿ ಇದನ್ನ!” ಎಂದ ಅವನು. ಇಬ್ಬರೂ ಬೆಳೆದು ನಿಂತ ಜೋಳದ ಮೇಲೆ ಆಣೆ ಮಾಡಿದರು.

ಆದರೆ ಊರಿನ ನಾಯಿಗಳು ಯಾವ ಆಣೆಯನ್ನೂ ಮಾಡಿರಲಿಲ್ಲ. ಮೂರು ನಾಯಿ ಒಂದೇ ಕಡೆ ನುಗ್ಗಿ ಜಗಳ ತೆಗೆದವು, ಕಾಗೆಗಳು ಮೇಲೆದ್ದು ಕೂಗಿದವು. ಏನೆಂದು ನೋಡಲು ಮುದುಕಮ್ಮ ಕೈಯಲ್ಲಿ ಇನ್ನೊಂದು ಹೋಳಿಗೆ ಹಿಡಿದೇ ಬಂದರು. ಶಾಂತಕುಮಾರ ಬದು ಜಿಗಿದು ಮೋಟಾರ್ ಸೈಕಲ್ ಹತ್ತಿದ. ಮರಿಲಿಂಗಪ್ಪನವರ ಮೈ ಅಷ್ಟು ಬೇಗ ಜಿಗಿಯುವುದಲ್ಲ. ಸುತ್ತ ಚೆಲ್ಲಿದ ಹೋಳಿಗೆಗಳ ನಡುವೆ ನಿಂತಿದ್ದರು.

“ಏನೋ ಇದು?”

“ಚರಗ, ಚಿಗವ್ವ.”

“ಚರಗ ಒಮ್ಮಿ ಚೆಲ್ಲತಾರ. ಏಳು ಸಲ ಯಾಕ ಚೆಲ್ಲೀದಿ? ನನ್ನ ಕೈ ಊಟ ಬ್ಯಾಡಾತೇನು ನಿನಗ?”

ಇನ್‌ಸ್ಪೆಕ್ಟರ ವಿಷಯ ಹೇಳುವಂತಿಲ್ಲ, ಬಾಯಿಗೆ ಬೀಗ. “ಡಾಕ್ಟರು ಬ್ಯಾಡ ಅಂದಾರವ್ವ” ಎಂದರು, ತಲೆ ತಗ್ಗಿಸಿ.

“ಡಾಕ್ಟರು? ಯಾಕ? ಏನಂದಾರ?”

“ಮೂರು ತಿಂಗಳು ಟೈಮ್ ಕೊಟ್ಟಾರ. ಅದರಾಗ ಅರ್ಧ ಮುಗದ ಹೋಗ್ಯಾದ.”

ಮುದುಕಮ್ಮನ ಕೈಯ ಹೋಳಿಗೆ ಕೆಳಗೆ ಬಿತ್ತು. ನಾಯಿಗಳೂ ಸುಮ್ಮನಾದವು. ಆಮೇಲೆ ಎದ್ದ ದನಿಗೆ ನಾಲ್ಕು ಹೊಲದಾಚೆ ಉಣ್ಣುತ್ತಿದ್ದವರು ಕೈ ತೊಳೆದುಕೊಂಡು ಓಡಿಬಂದರು. “ಅಯ್ಯಯ್ಯೋ ನನ ಕಂದಾ! ಹೋಗೂ ಮುಂದ ಭೂತಾಯಿಗಿ ಏಳು ಸಲ ಉಣ್ಣಿಸಿ ಹೊಂಟಿದ್ದಿಯೇನೋ!”

“ಸಾಯಾಕತ್ತಿಲ್ಲ ಚಿಗವ್ವ! ನಾ ಸಾಯಾಕತ್ತಿಲ್ಲ!” ಎಂದು ಮರಿಲಿಂಗಪ್ಪ ಕೂಗಿದರು.

“ನೋಡ್ರಿ ಧೈರ್ಯಾನ” ಎಂದು ತಂಬಾಕಿನ ಮುದುಕ ಕಣ್ಣೊರೆಸಿಕೊಂಡ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಸುತ್ತ ನಲವತ್ತು ಜನ ರೈತರು, ಎಲ್ಲರ ತೋಳೂ ಗಟ್ಟಿ. ನಗು ನುಂಗಿ, ತಂಬಾಕಿನ ಮುದುಕನ ಹಿಂದೆ ಸರಿದು ನಿಂತೆ.

ಸುದ್ದಿ ನಮಗಿಂತ ಮೊದಲೇ ಶಹಾಪುರ ಮುಟ್ಟಿತು. ಮರುದಿನ ಬೆಳಿಗ್ಗೆಯಿಂದ ಮಾತಾಡಿಸಿಕೊಂಡು ಹೋಗುವವರ ಸಾಲು. ನಮ್ಮ ಕಡೆ ಒಂದು ನಂಬಿಕೆ ಇದೆ: ಹೋಗುವ ಜೀವ ಆಸೆ ಇಟ್ಟುಕೊಂಡು ಹೋಗಬಾರದು. ಯಾರೂ ಬರಿಗೈಲಿ ಬರಲಿಲ್ಲ. ಶೇಂಗಾ ಉಂಡೆ, ಕರಿಗಡಬು, ಮಾಲ್ದಿ, ಗಟ್ಟಿ ಕೆನೆಯ ಮೊಸರು. ಅಬ್ಬೆತುಮಕೂರು ಮಠದಿಂದ ಒಬ್ಬರು ಪ್ರಸಾದ ತಂದರು. ಮುಜಫರ ಬಂಡಿ ಬಿಟ್ಟು ಬಂದು, “ಸಾಬ್ರ, ಅವತ್ತ ಅರ್ಧ ತಿಂದು ಬಿಟ್ಟಿದ್ರಿ, ನನ್ನ ಜೀವಕ್ಕ ತಕಲೀಫ ಆಗ್ಯಾದ” ಎಂದು ಪೂರಾ ಹನ್ನೆರಡು ಮಿರ್ಚಿ ಇಟ್ಟ. ಹತ್ತು ವರ್ಷದಲ್ಲಿ ಒಂದು ದಿನ ರಜೆ ಸರಿಯಾಗಿ ಕೊಡದ ಹೆಡ್ ಕ್ಲಾರ್ಕ್ ಅಂಬರೀಶ ಖೋವಾದ ಡಬ್ಬಿ ಹಿಡಿದು ಬಂದು, “ಮರಿಲಿಂಗಪ್ಪನೋರ, ರಜಾ ಎಷ್ಟು ಬೇಕಾದ್ರೂ ತಗೋರಿ” ಎಂದು ಬಿಕ್ಕಿದ.

“ಇದು ಬರೇ ಡಯಟ್ ರಿ ಸಾಹೇಬ್ರ! ಸಕ್ಕರಿ ರೋಗ!”

“ಮನ್ಯಾಗ ನಿಮಗ ಹಂಗ ಹೇಳ್ಯಾರೇನು?” ಎಂದ ಅಂಬರೀಶ, ಪರಿಮಳಕ್ಕನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿ. “ಛಲೋ ಮಾಡೀರವ್ವ. ಪೇಶಂಟಿಗೆ ಎಲ್ಲಾ ಹೇಳಬಾರದು.”

ಪರಿಮಳಕ್ಕ ಅಂದು ನೂರು ಸಲ ಸತ್ಯ ಹೇಳಿದರು. ಒಬ್ಬರೂ ನಂಬಲಿಲ್ಲ. ಎರಡು ದಿನದ ಹಿಂದೆ ನಾನು ಹೇಳಿದ ಒಂದು ಸುಳ್ಳನ್ನು ಮಾತ್ರ ಅವರ ಗಂಡ ಪೂರಾ ನಂಬಿದ್ದರು.

ಮೂರನೆಯ ದಿನ ಸಂಜೆ ಮರಿಲಿಂಗಪ್ಪನವರು ಏದುಸಿರು ಬಿಡುತ್ತ ನನ್ನ ಖೋಲಿಗೆ ಹತ್ತಿಬಂದರು. ಎರಡೂ ಕೈಯಲ್ಲಿ ಡಬ್ಬಿಗಳು.

“ಅರುಣಾ, ಇವು ನನ್ನ ಕಣ್ಣ ಮುಂದಿದ್ರ ನಾ ಉಳಿಯಂಗಿಲ್ಲ. ಪ್ರಸಾದ ಅದ, ಜೀವ ಇಟ್ಟು ಕೊಟ್ಟದ್ದದ, ಚೆಲ್ಲಾಕ ಬರಂಗಿಲ್ಲ. ಒಮ್ಮಿ ಚೆಲ್ಲಿ ನೋಡೀನಿ, ಏನಾತು ಅಂತ ನೀ ಕಂಡೀದಿ. ನಿನಗ ಹೆಂಗೂ ಮೈಗೆ ಹತ್ತಂಗಿಲ್ಲ. ನನ್ನ ಜೀವ ಈಗ ನಿನ್ನ ಬಾಯಾಗದ.”

ಅಪರಾಧಿಗೆ ಬೇಡವೆನ್ನುವ ಹಕ್ಕೆಲ್ಲಿದೆ? ಅಂದು ಆರು ಉಂಡೆ ತಿಂದೆ. ಮರುದಿನ ಬೆಳಿಗ್ಗೆ ಡಬ್ಬಿ ಖಾಲಿಯಾಗಿದೆಯೇ ನೋಡಲು ಅವರೇ ಬಂದರು. ಡಬ್ಬಿ ವಾಪಸು ಮುಟ್ಟಿಸಬೇಕಲ್ಲ. ಸಂಜೆ ಮತ್ತೆ ನಾಲ್ಕು ಡಬ್ಬಿ. ಕೊಂಕಲ್‌ನಿಂದ ಮುದುಕಮ್ಮ ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಳಿಗೆ ಕಳಿಸತೊಡಗಿದರು. ‘ಅಣ್ಣಾರ, ಒಂದು ಮಾತು ಹೇಳಬೇಕಿತ್ತು’ ಎಂದು ದಿನಾ ಶುರು ಮಾಡುತ್ತಿದ್ದೆ. ‘ಮೊದಲು ತಿನ್ನು, ಆಮ್ಯಾಲ ಹೇಳು’ ಎನ್ನುತ್ತಿದ್ದರು. ತಿಂದ ಮೇಲೆ ನನಗೆ ಮಾತಾಡಲು ಉಸಿರಿರುತ್ತಿರಲಿಲ್ಲ. ಕೆಳಗೆ ಅವರು ತತ್ತಿ, ಮೊಳಕೆ ಹೆಸರು, ಒಂದು ರೊಟ್ಟಿ. ಮೇಲೆ ನಾನು ಕರಿಗಡಬು, ಖೋವಾ, ಪಶ್ಚಾತ್ತಾಪ. ಜನವರಿ ಕೊನೆಗೆ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದಾಗ ನನ್ನ ಪ್ಯಾಂಟಿನ ಗುಂಡಿ ಹಾರಿ ಮೊದಲ ಬೆಂಚಿನವರಿಗೆ ಬಡಿಯಿತು.

ಫೆಬ್ರವರಿ ಮೊದಲ ವಾರ ಯಾದಗಿರಿ. ಬೆಳಿಗ್ಗೆ ರಕ್ತ ತೆಗೆಯುವಾಗ ಮರಿಲಿಂಗಪ್ಪನವರು ಹಿಡಿದ ನನ್ನ ಕೈಗೆ ಆಮೇಲೆ ಅರ್ಧ ಗಂಟೆ ಜೋಮು. ಮಧ್ಯಾಹ್ನ ರಿಪೋರ್ಟು ಬಂತು. ತೂಕದ ಯಂತ್ರ ತೊಂಬತ್ತು ತೋರಿಸಿತು. ಡಾಕ್ಟರು ಕನ್ನಡಕ ಹಾಕಿಕೊಂಡರು! “ಸಕ್ಕರಿ ಇಳದದ. ಸೂಜಿ ಬ್ಯಾಡ. ಗುಳಿಗಿ ಮುಂದುವರಸ್ರಿ, ಊಟ ಹಿಂಗ ಇರಲಿ” ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿದು ಹೊಟ್ಟೆಯ ಮೇಲೆ ಕುಳಿತಿತು. ಅಲ್ಲಿ ಜಾಗವಿತ್ತು.

ಯಶೋಧರಾ ಮೇಡಂ ಹಳೆಯ ಕಾಗದ ತೆಗೆದು, “ಈಗ ಹೇಳ್ರಿ. ಭರೋಸಾ ಹತ್ತಕ್ಕ ಎಷ್ಟು?” ಎಂದರು.

“ಮೂರು ರಿ.”

“ಆರು ಕಿಲೊ ಇಳಿಸಿ ಮೂರೇನ್ರಿ?”

“ಹನ್ನೊಂದು ಇದ್ದಾಗ ಹೋಳಿಗಿ ಬುಟ್ಟಿ ಮುಂದ ಇಟಗೊಂಡು ಕುಂತಿದ್ದೆ ರಿ. ಮೂರು ಆದ ಮ್ಯಾಲ ಡಬ್ಬಿ ಕಂಡಕೂಡ್ಲೆ ಮಾಳಿಗಿ ಮ್ಯಾಲ ಸಾಗಸೀನಿ. ಅದಕ ಇಳದೀನಿ.”

ಮೇಡಂ ಹನ್ನೊಂದನ್ನು ಹೊಡೆದು ಮೂರು ಬರೆದು, “ಇದು ಪಾಸಿಂಗ್ ಮಾರ್ಕ್ಸ್” ಎಂದರು.

“ಆದ್ರ ಮೇಡಂ, ನಿಮ್ಮ ಇನ್‌ಸ್ಪೆಕ್ಟರ ಸಾಹೇಬ್ರು ಮತ್ತ ಬರಲೇ ಇಲ್ಲಲ್ರಿ?”

“ಯಾವ ಇನ್‌ಸ್ಪೆಕ್ಟರು?”

ನಾನು ಬಾಗಿಲ ಕಡೆ ಸರಿದೆ. ಮೊದಲಿನಷ್ಟು ಚುರುಕಾಗಿ ಸರಿಯಲಾಗಲಿಲ್ಲ. ಮರಿಲಿಂಗಪ್ಪನವರು ಚೀಲದಿಂದ ವಹಿ ತೆಗೆದು, ಹಿಂದಿನ ಪುಟ ತಿರುವಿ, ಕಚೇರಿಯ ದನಿಯಲ್ಲಿ ಓದಿದರು:

“ಒಳಬಂದ ಫೋನು. ಎಳ್ಳಮವಾಸ್ಯೆಯ ಹಿಂದಿನ ದಿನ, ಸಂಜೆ 5-40. ವಿಷಯ: ವಿಶೇಷ ತಪಾಸಣೆ. ಫೋನ್ ನಂಬರು ಬರೆದುಕೊಳ್ಳಲಾಗಿದೆ. ಷರಾ: ಹಬ್ಬದ ಮರುದಿನ ಸದರಿ ನಂಬರಿಗೆ ನಾವೇ ಫೋನ್ ಮಾಡಲಾಗಿ, ‘ಹಲೋ, ಕಾಲೇಜ್ ಆಫೀಸ್’ ಎಂದು ಉತ್ತರ ಬಂದಿದೆ. ಬೆಂಗಳೂರಿನ ಸಾಹೇಬರು ತಿಂಡಿಗೆ ‘ನಾಷ್ಟಾ’ ಅಂದದ್ದೂ ಅನುಮಾನಾಸ್ಪದ.”

ಹಬ್ಬದ ಮರುದಿನ! ಅಂದರೆ ಮೊದಲ ಡಬ್ಬಿ ಹತ್ತಿಬರುವ ಮೊದಲೇ! ನನ್ನ ತಲೆಯಲ್ಲಿ ನಲವತ್ತು ದಿನದ ಡಬ್ಬಿಗಳು ಒಂದರ ಹಿಂದೊಂದು ಮುಚ್ಚಳ ತೆರೆದವು.

ಅವರು ಹೊಸ ಪುಟ ತೆಗೆದರು. “ಮುಂದ ‘ಹೊರಹೋದ ಪದಾರ್ಥಗಳ ವಹಿ’. ಎಲ್ಲಾ ಒಬ್ಬರದ ಹೆಸರಿಲೆ ಅದ ರಿ. ಏರಪ ಮಾಸ್ತರ, ಯಂತ್ರದ ಮ್ಯಾಲ ಏರು.”

ಏರಿದೆ. ಅರವತ್ತು.

“ತೊಂಬತ್ತಾರರಾಗ ಆರು ಹೋತು, ಐವತ್ತನಾಲ್ಕಕ್ಕ ಆರು ಬಂತು,” ಎಂದು ಮರಿಲಿಂಗಪ್ಪನವರು ವಹಿಗೆ ಗೆರೆ ಎಳೆದರು. “ಟಪಾಲು ಬರೋಬ್ಬರಿ ಮುಟ್ಟ್ಯಾದ.”

ಯಶೋಧರಾ ಮೇಡಂ ಒಂದು ಹೊಸ ಕಾಗದ ಎಳೆದುಕೊಂಡರು. ಮೆಲ್ಲಗೆ ಒಂದು ತಾಟು ಬರೆದರು. “ಹೇಳ್ರಿ ಸರ್, ನಿಮ್ಮ ಭರೋಸಾ ಹತ್ತಕ್ಕ ಎಷ್ಟು?”

ಮೇಡಂ ನಕ್ಕರು. ಬಾಗಿಲಲ್ಲಿದ್ದ ನರ್ಸು ಮಹಾನಂದಾ ನಕ್ಕಳು. ವಿಧಿಯಿಲ್ಲದೆ ನಾನೂ ನಕ್ಕೆ. ಆದರೆ ಮರಿಲಿಂಗಪ್ಪನವರು ನಕ್ಕ ಅಬ್ಬರಕ್ಕೆ ಹೊರಗೆ ಸಾಲಿನಲ್ಲಿ ಕುಳಿತ ರೋಗಿಗಳು ಎದ್ದು ಒಳಗೆ ಇಣುಕಿದರು. ತೊಂಬತ್ತು ಕಿಲೊ ಮೈ ಕುಲುಕಿ ಕುರ್ಚಿ ಕಿರಗುಟ್ಟಿತು, ಕಣ್ಣಲ್ಲಿ ನೀರು ಸುರಿಯಿತು. ಆ ಹೊತ್ತಿಗೇ ಅವರ ಫೋನು ಹೊಡೆಯಿತು. ಕೊಂಕಲ್‌ನಿಂದ ಮುದುಕಮ್ಮ. ಡಾಕ್ಟರು ಏನೆಂದರೆಂದು ಕೇಳಲು.

ಮರಿಲಿಂಗಪ್ಪನವರಿಗೆ ಮಾತು ಹೊರಡಲಿಲ್ಲ. ಹ್ಹು, ಹ್ಹು, ಎಂದು ಉಸಿರು ಕಟ್ಟುವ ಸಪ್ಪಳವಷ್ಟೇ. ಆ ಕಡೆಯಿಂದ ನಮ್ಮೆಲ್ಲರಿಗೂ ಕೇಳುವಂತೆ ಮುದುಕಿಯ ದನಿ ಒಡೆಯಿತು.

“ಅಳಬ್ಯಾಡೋ ನನ ಕಂದಾ, ಅಳಬ್ಯಾಡ! ಡಾಕ್ಟರಿಗೇನು ಗೊತ್ತು! ಈಗ ಒಲಿ ಹಚ್ಚತೀನಿ. ಸಂಜೀ ಬಸ್ಸಿಗೆ ಎರಡು ಬುಟ್ಟಿ ಹೋಳಿಗಿ ಕಳಸತೀನಿ!”

ಮರಿಲಿಂಗಪ್ಪನವರು ಫೋನನ್ನು ಎದೆಗೊತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ನನ್ನ ಕಡೆ ಚಾಚಿ, ಮೊದಲಿಗಿಂತಲೂ ಜೋರಾಗಿ ನಗತೊಡಗಿದರು.